ಒಂದು ಡಬ್ಬಿ ಆಯಿಲ್

"ನಾನೇನೂ ಮಾಡ್ಲಿಲ್ಲ, ಮೇಡಂ!" ಎಂದು ಹಲ್ಲಿನ ಡಾಕ್ಟರು ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದರು.

"ಕೈ ಕೆಳಗಿಡಿ ಡಾಕ್ಟ್ರೇ. ಕಾರು ಇನ್ನೂ ಓಡ್ತಾ ಇದೆ," ಎಂದಳು ಪಕ್ಕದ ಸೀಟಿನಲ್ಲಿದ್ದ ಚೂಟಿಯ ಅಮ್ಮ. ಕಲಿಸುವವರ ಕಾಲ ಬಳಿ ಇರುವ ಎರಡನೇ ಬ್ರೇಕನ್ನು ಮೆಲ್ಲಗೆ ಒತ್ತಿದಳು.

ಕಾರು ರಸ್ತೆ ಬದಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿದ್ದ ಚೂಟಿ ತಿರುಗಿ ನೋಡಿದಳು. ಹಿಂದಿನ ಗಾಜಿನಲ್ಲಿ ರಸ್ತೆಯೇ ಇರಲಿಲ್ಲ, ಬರೀ ನೀಲಿ ಹೊಗೆ ಇತ್ತು. ಹೊಗೆಯೊಳಗಿಂದ ಒಬ್ಬ ಸೈಕಲ್ ಸವಾರ ಹೊರಬಂದು, ಬೈಯಲೆಂದು ಬಾಯಿ ತೆರೆದು, ಬೈಗುಳದ ಬದಲು ಕೆಮ್ಮಿ ಮುಂದೆ ಹೋದ.

ಹೊಗೆ ಯಾಕೆ ಬಂತು ಎಂಬುದರ ಸುಳಿವು ಅಲ್ಲಿದ್ದವರಲ್ಲಿ ಚೂಟಿಯೊಬ್ಬಳಿಗೇ ಇತ್ತು.

ಅಮ್ಮನದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲ್. ಕಾರು ಚೂಟಿಗಿಂತ ಎಂಟು ವರ್ಷ ದೊಡ್ಡದು. ಮೀಟರ್ ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ದಾಟಿತ್ತು; ಅದರಲ್ಲಿ ಬಹುಪಾಲು ಫಸ್ಟ್ ಗೇರಿನಲ್ಲೇ ಓಡಿದ್ದು. ಊರಿನ ಅರ್ಧ ಜನ ಅದರ ಕ್ಲಚ್ ತುಳಿದು ಲೈಸೆನ್ಸ್ ಪಡೆದಿದ್ದರು. ಉಳಿದರ್ಧ ಜನ ಅದನ್ನು ಕಂಡರೆ ಫುಟ್‌ಪಾತ್ ಹತ್ತುತ್ತಿದ್ದರು. ಹಲ್ಲಿನ ಡಾಕ್ಟರು ಏಳು ತಿಂಗಳಿಂದ ಕಲಿಯುತ್ತಿದ್ದರು.

"ಇಷ್ಟು ಓಡಿದ ಕಾರು ಇನ್ನೂ ಹೇಗೆ ಕೈ ಕೊಟ್ಟಿಲ್ಲ?" ಎಂದು ಯಾರಾದರೂ ಕೇಳಿದರೆ ಅಮ್ಮ, "ದಿನಾ ನೋಡ್ಕೋತೀವಿ, ಅಷ್ಟೇ," ಎನ್ನುತ್ತಿದ್ದಳು.

ಟೈರಿನ ಗಾಳಿ, ರೇಡಿಯೇಟರಿನ ನೀರು ಅಮ್ಮನ ಪಾಲು. ಎಂಜಿನ್ ಆಯಿಲ್ ಮಾತ್ರ, ಹತ್ತು ವರ್ಷ ತುಂಬಿದ ದಿನದಿಂದ, ಚೂಟಿಯ ಪಾಲು. ಬೆಳಗ್ಗೆ ಬಾನೆಟ್ ಎತ್ತಬೇಕು. ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆಯಬೇಕು. ಕಡ್ಡಿಯ ತುದಿಯಲ್ಲಿ ಎರಡು ಗೆರೆಗಳಿವೆ. ಆಯಿಲ್ ಅವೆರಡರ ನಡುವೆ ಇದ್ದರೆ ಸರಿ. ಕಡಿಮೆಯಿದ್ದರೆ ಅಮ್ಮನಿಗೆ ಹೇಳಬೇಕು. ಸುರಿಯುವುದು ಅಮ್ಮನ ಕೆಲಸ. ಕ್ಲಾಸಿನಲ್ಲಿ ಬೇರೆ ಯಾರಿಗೂ ಇಂಥ ಕೆಲಸ ಇರಲಿಲ್ಲ. ಚೂಟಿ ಇದನ್ನು ವಾರಕ್ಕೆ ಎರಡು ಸಲವಾದರೂ ಅವರಿಗೆಲ್ಲ ನೆನಪಿಸುತ್ತಿದ್ದಳು.

ಈ ಶನಿವಾರ ಬೆಳಗ್ಗೆ ಆಯಿಲ್ ಸರಿಯಾಗಿಯೇ ಇತ್ತು, ಮೇಲಿನ ಗೆರೆಯ ಹತ್ತಿರವೇ. ಆದರೆ ಸೋಮವಾರ ಡಾಕ್ಟರ ನಾಲ್ಕನೇ ಟೆಸ್ಟ್. ಕಾರಿಗೆ ಇನ್ನೂ ಏನೇನು ಕಾದಿದೆಯೋ ಎಂದು ನೆನೆದು ಚೂಟಿಗೆ ಅಯ್ಯೋ ಅನ್ನಿಸಿತು. ಶೆಲ್ಫಿನಲ್ಲಿ ಒಂದು ಲೀಟರಿನ ಹೊಸ ಡಬ್ಬಿ ಇತ್ತು. ವಯಸ್ಸಾದವರಿಗೆ ಒಂದು ತುತ್ತು ಹೆಚ್ಚು ಬಡಿಸಿದರೆ ತಪ್ಪೇನು? ಪೂರ್ತಿ ಡಬ್ಬಿ ಸುರಿದಳು. ಖಾಲಿ ಡಬ್ಬಿಯನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿದಳು. ತಳಕ್ಕೇ ಯಾಕೆ ತುರುಕಬೇಕು ಎಂದು ಆಗ ಯೋಚಿಸಿರಲಿಲ್ಲ.

ಈಗ ಅಮ್ಮ ಮೆಕ್ಯಾನಿಕ್ ಮಾಮನಿಗೆ ಫೋನ್ ಮಾಡಿದ್ದಳು. ಸ್ಪೀಕರ್ ಆನ್ ಆಗಿತ್ತು.

"ಹೊಗೆ ಯಾವ ಬಣ್ಣ, ಅಕ್ಕಾ?"

"ನೀಲಿ."

"ಆಯಿಲ್ ಎಷ್ಟಿದೆ?"

ಅಮ್ಮ ಹಿಂದೆ ತಿರುಗಿದಳು. "ಚೂಟಿ, ಬೆಳಗ್ಗೆ ಆಯಿಲ್ ನೋಡಿದ್ಯಲ್ಲ, ಸರಿ ಇತ್ತಾ?"

"ಸರಿ ಇತ್ತು," ಎಂದಳು ಚೂಟಿ.

ಅದು ಸುಳ್ಳಲ್ಲ. ನೋಡಿದಾಗ ಸರಿಯಾಗಿಯೇ ಇತ್ತು. ಆದರೂ ಅವಳ ಕಿವಿ ಬಿಸಿಯಾಯಿತು.

"ಸರಿ ಇತ್ತಂತೆ," ಎಂದಳು ಅಮ್ಮ ಫೋನಿಗೆ. ಅವಳು ಬಾನೆಟ್ ಎತ್ತಲಿಲ್ಲ, ಕಡ್ಡಿ ಎಳೆದು ನೋಡಲಿಲ್ಲ.

ಆ ಕಡೆ ಮೆಕ್ಯಾನಿಕ್ ಮಾಮ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು. "ಹಾಗಾದ್ರೆ ಎಂಜಿನ್ ಒಳಗೇ ಸವೆದಿದೆ, ಅಕ್ಕಾ. ಮೂರು ಲಕ್ಷ ಅಂದ್ರೆ ತಮಾಷೆನಾ? ಬಿಚ್ಚಿ ರಿಪೇರಿ ಮಾಡೋದಕ್ಕಿಂತ ಗುಜರಿಗೆ ಕೊಡೋದೇ ವಾಸಿ. ಗುಜರಿಯವನಿಗೆ ಹೇಳ್ಲಾ?"

ಅಮ್ಮ ಡ್ಯಾಶ್‌ಬೋರ್ಡಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದಳು. "ಹೇಳು," ಎಂದಳು. "ಸರ್ಕಲ್ ಹತ್ರದ ದೊಡ್ಡ ಡ್ರೈವಿಂಗ್ ಸ್ಕೂಲಿನವರು ಕೆಲಸಕ್ಕೆ ಕರೀತಾನೇ ಇದ್ರು. ರಾತ್ರಿ ಒಂಬತ್ತರವರೆಗೂ ಡ್ಯೂಟಿ. ಏನ್ ಮಾಡೋಕಾಗತ್ತೆ, ಹೋಗೋದು."

"ಎಲ್ಲಾ ನನ್ನಿಂದಲೇ," ಎಂದರು ಡಾಕ್ಟರು. "ಕ್ಲಚ್ ಮೇಲಿಂದ ಕಾಲು ತೆಗಿ ತೆಗಿ ಅಂತ ಏಳು ತಿಂಗಳಿಂದ ಹೇಳ್ತಿದ್ರಿ. ನಾನು ತೆಗೀಲೇ ಇಲ್ಲ. ಇನ್ಮೇಲೆ ಸ್ಟೀರಿಂಗ್ ಮುಟ್ಟಲ್ಲ, ಮೇಡಂ. ನಡ್ಕೊಂಡೇ ಓಡಾಡ್ತೀನಿ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಡಾಕ್ಟರು ಅಳುವುದನ್ನು ಚೂಟಿ ನೋಡಿರಲಿಲ್ಲ. ಅವರ ಕ್ಲಿನಿಕ್ಕಿನಲ್ಲಿ ಯಾವಾಗಲೂ ಬೇರೆಯವರೇ ಅಳುತ್ತಿದ್ದರು.

ಹೇಳಿದರೆ ಆಯಿಲ್ ನೋಡುವ ಕೆಲಸ ಕೈ ತಪ್ಪುತ್ತದೆ, ಅದರಲ್ಲಿ ಅನುಮಾನವಿಲ್ಲ. ಹೇಳದಿದ್ದರೆ ಕಾರೇ ಹೋಗುತ್ತದೆ, ಸಂಜೆ ಮನೆಯಲ್ಲಿ ಅಮ್ಮನೂ ಇರುವುದಿಲ್ಲ. ಚೂಟಿ ಮುಂದಿನ ಸೀಟುಗಳ ನಡುವೆ ತಲೆ ತೂರಿಸಿದಳು.

"ಅಮ್ಮಾ, ನೋಡಿದಾಗ ಸರಿ ಇತ್ತು. ಆಮೇಲೆ ನಾನು ಡಬ್ಬೀಲಿದ್ದ ಆಯಿಲ್ ಹಾಕ್ದೆ."

"ಎಷ್ಟು?"

"ಪೂರ್ತಿ."

"ಯಾಕೆ?"

"ಪಾಪ ಅನ್ನಿಸ್ತು."

ಅಮ್ಮ ಕಣ್ಣು ಮುಚ್ಚಿ ತೆರೆದಳು. "ಕೇಳಿಸ್ತಾ?" ಎಂದು ಫೋನಿಗೆ ಕೇಳಿದಳು.

"ಕೇಳಿಸ್ತು," ಎಂದ ಮೆಕ್ಯಾನಿಕ್. "ಮತ್ತೆ ಸ್ಟಾರ್ಟ್ ಮಾಡ್ಬೇಡಿ. ತಳ್ಕೊಂಡು ಬನ್ನಿ."

ಗ್ಯಾರೇಜ್ ಪಕ್ಕದ ರಸ್ತೆಯಲ್ಲೇ ಇತ್ತು. ಅಮ್ಮ ಸ್ಟೀರಿಂಗ್ ಹಿಡಿದಳು. ಡಾಕ್ಟರೂ ಚೂಟಿಯೂ ಹಿಂದಿನಿಂದ ತಳ್ಳಿದರು. ಕಾರು ಒಂದು ಕಡೆಯೂ ಜಗ್ಗದೆ, ಕುಪ್ಪಳಿಸದೆ, ನೆಟ್ಟಗೆ ಹೋಯಿತು. ಏಳು ತಿಂಗಳಲ್ಲಿ ಅದು ಡಾಕ್ಟರ ಮಾತು ಕೇಳಿದ್ದು ಅದೇ ಮೊದಲು.

ಮೆಕ್ಯಾನಿಕ್ ಮಾಮ ಕಡ್ಡಿ ಎಳೆದು ನೋಡಿ ಹುಬ್ಬೇರಿಸಿದ. ಕಾರಿನ ಕೆಳಗೆ ಮಲಗಿ, ಒಂದು ಬೋಲ್ಟ್ ಸಡಿಲಿಸಿ, ಹೆಚ್ಚಾದ ಆಯಿಲನ್ನೆಲ್ಲ ಟ್ರೇಗೆ ಇಳಿಸಿದ. "ಎಂಜಿನ್‌ಗೆ ಏನೂ ಆಗಿಲ್ಲ, ಅಕ್ಕಾ. ಹೊಟ್ಟೆ ಬಿರಿಯೋ ಹಾಗೆ ತಿಂದಿದೆ, ಹೆಚ್ಚಾಗಿದ್ದು ಸುಟ್ಟು ಹೊಗೆ ಬಂದಿದೆ," ಎಂದ. ಸ್ಟಾರ್ಟ್ ಮಾಡಿದಾಗ ಕಾರು ಇನ್ನೂ ಹತ್ತು ನಿಮಿಷ ಹೊಗೆ ಬಿಟ್ಟಿತು. ಆಮೇಲೆ ಹೊಗೆ ತೆಳುವಾಯಿತು. ಆಮೇಲೆ ನಿಂತೇ ಹೋಯಿತು.

"ಹಾಗಾದ್ರೆ ನನ್ನ ಕ್ಲಚ್ಚಿಂದ ಅಲ್ಲ?" ಎಂದು ಡಾಕ್ಟರು ಎರಡು ಸಲ ಕೇಳಿದರು.

"ಅಲ್ಲ," ಎಂದಳು ಅಮ್ಮ. "ನಿಮ್ಮ ಕ್ಲಚ್ಚಿನ ವಿಷಯ ಬೇರೆ ಇದೆ. ನಾಳೆ ಬೆಳಗ್ಗೆ ಬನ್ನಿ."

ದಾರಿಯುದ್ದಕ್ಕೂ ಚೂಟಿ ಬೈಗುಳಕ್ಕೆ ಕಾದಳು. ಮನೆಗೆ ಬಂದ ಮೇಲೂ ಕಾದಳು. ಅಮ್ಮ ಬೈಯಲೇ ಇಲ್ಲ. ಇದಕ್ಕಿಂತ ಎರಡು ಏಟು ಹಾಕಿದ್ದರೆ ಎಷ್ಟೋ ವಾಸಿ ಇತ್ತು. ಕೊನೆಗೆ ಊಟದ ಹೊತ್ತಿಗೆ ಅವಳಿಗೇ ತಡೆಯಲಾಗಲಿಲ್ಲ.

"ನೀನೇ ಬಾನೆಟ್ ಎತ್ತಿ ನೋಡ್ಬಹುದಿತ್ತಲ್ಲಮ್ಮ? ಆಗ್ಲೇ ಗೊತ್ತಾಗ್ತಿತ್ತು."

"ನೀನು ನೋಡಿದ್ದೆಯಲ್ಲ," ಎಂದು ಅಮ್ಮ ತಟ್ಟೆ ತೊಳೆಯಲು ಎದ್ದಳು.

ಚೂಟಿ ತಟ್ಟೆಯಲ್ಲಿ ಉಳಿದ ಅನ್ನವನ್ನು ಒಂದು ಬದಿಗೆ ಒತ್ತರಿಸಿದಳು.

ಭಾನುವಾರ ಬೆಳಗ್ಗೆ ಅವಳು ಬೇಕೆಂದೇ ತಡವಾಗಿ ಎದ್ದಳು. ಅಮ್ಮ ಆಯಿಲ್ ನೋಡುವುದನ್ನು ನಿಂತು ನೋಡಲು ಅವಳಿಗೆ ಇಷ್ಟವಿರಲಿಲ್ಲ. ಹೊರಗೆ ಬಂದರೆ ಅಮ್ಮ ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂತಿದ್ದಳು. ಕೀ ಹಾಕಿತ್ತು, ಎಂಜಿನ್ ಸ್ಟಾರ್ಟ್ ಆಗಿರಲಿಲ್ಲ.

"ಡಾಕ್ಟ್ರು ಕಾಯ್ತಿರ್ತಾರೆ. ಎಷ್ಟು ಹೊತ್ತು?" ಎಂದಳು ಅಮ್ಮ.

ಚೂಟಿ ಓಡಿಹೋಗಿ ಬಾನೆಟ್ ಎತ್ತಿದಳು. ಕಡ್ಡಿ ಎಳೆದು, ಒರೆಸಿ, ಅದ್ದಿ ನೋಡಿದಳು. ಮತ್ತೆ ಒರೆಸಿ ಮತ್ತೆ ನೋಡಿದಳು. ಮೂರನೇ ಸಲವೂ ಅಷ್ಟೇ ಇತ್ತು. ಕಡ್ಡಿಯನ್ನು ಅದರ ಜಾಗಕ್ಕೆ ತಳ್ಳಿದಳು.

"ಮೇಲಿನ ಗೆರೆಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿದೆ."

"ಏನಾದ್ರೂ ಹಾಕಿದ್ಯಾ?"

"ಇಲ್ಲಮ್ಮ. ಬರೀ ನೋಡ್ದೆ."

ಅಮ್ಮ ಇಳಿದು ಬಂದು ನೋಡುತ್ತಾಳೆ ಎಂದು ಚೂಟಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅಮ್ಮ ಇಳಿಯಲಿಲ್ಲ. ಕೀ ತಿರುಗಿಸಿದಳು.

ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಚೂಟಿ ಬಾನೆಟ್ ಮುಚ್ಚಿ, ಅದು ಸರಿಯಾಗಿ ಕೂತಿದೆಯೇ ಎಂದು ಎರಡೂ ಕೈಯಿಂದ ಇನ್ನೊಮ್ಮೆ ಒತ್ತಿ ನೋಡಿದಳು.