ಖಾಲಿ ಅನ್ನಬಾರದ ಪೆಟ್ಟಿಗೆ

"ಒಂದ್ ಮಾತು ಕಣವ್ವಾ. ಇದರ ಮುಂದೆ ನಿಂತು 'ಖಾಲಿ' ಅನ್ನಬ್ಯಾಡ. ಒಳಗಿದ್ದದ್ದು ಮುಗಿದ್ರೆ 'ತುಂಬೈತೆ' ಅನ್ನು," ಅಂದರು ಮನೆಯೊಡತಿ ಸಾವಂತ್ರಮ್ಮ, ಹಿಂದಿನ ಕೋಣೆಯ ಹಳೇ ಫ್ರೀಜರಿನ ಮೇಲಿಂದ ಗೋಣಿತಾಟು ಎಳೆಯುತ್ತ.

ಸಂಧ್ಯಾರಾಣಿಗೆ ನಗು ಬಂತು. ನಗಲಿಕ್ಕೂ ತ್ರಾಣವಿಲ್ಲದವಳ ನಗು. ಹೆರಿಗೆ ರಜೆ ಮುಗಿದು, ಹೊನ್ನಾಳಿ ಡಿಪೋಗೆ ವರ್ಗವಾಗಿ, ಹೆಗಲ ಮೇಲೊಂದು ಕೂಸು ಹಾಕಿಕೊಂಡು ನ್ಯಾಮತಿಯ ಈ ಬಾಡಿಗೆ ಮನೆಗೆ ಬಂದಿದ್ದಳು. ಬಸ್ಸಿನಲ್ಲಿ ಕಂಡಕ್ಟರ್. ಗಂಡ ರೇಣುಕಪ್ರಸಾದ್ ಜಗಳೂರಿನ ಕಡೆ ಗಾಳಿಯಂತ್ರ ರಿಪೇರಿ ಮಾಡುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಅದೇ ಹೆಚ್ಚು.

"ದೊಡ್ಡವ್ವಾ, ಆ ಮಾತೇ ನನ್ನ ಅನ್ನ. ದಿನಾ 'ಒಳಗೆ ಖಾಲಿ ಐತೆ, ಮುಂದೆ ಹೋಗ್ರೀ' ಅಂತ ಬಾಯಿ ಬಡ್ಕೊಂತೀನಿ. ಬಸ್ಸು ಯಾವತ್ತಾದ್ರೂ ಖಾಲಿ ಆಗೈತಾ?"

"ಬಸ್ಸಿಗೆ ಯಾರೂ ಮಾಟ ಮಾಡಿಲ್ಲ ಬಿಡು."

ಸಾವಂತ್ರಮ್ಮನ ಅತ್ತೆ ಇದರಲ್ಲಿ ಹಾಲು, ಐಸ್‌ಕ್ಯಾಂಡಿ ಇಟ್ಟು ಮಾರುತ್ತಿದ್ದಳಂತೆ. ಒಂದು ಬೇಸಿಗೆಯಲ್ಲಿ ಯಾವಳೋ ಬಡವಿ ಕೂಸಿಗೆ ಹಾಲು ಕೇಳಿಕೊಂಡು ಬಂದಳಂತೆ. ಪೆಟ್ಟಿಗೆ ತುಂಬ ಹಾಲಿಟ್ಟುಕೊಂಡೂ ಅತ್ತೆ 'ಖಾಲಿ' ಅಂದಳು. ಕೂಸು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ತಾಯಿ ಸೀದಾ ಈ ಕೋಣೆಗೆ ನುಗ್ಗಿ, ಮುಚ್ಚಳದ ರಬ್ಬರಿನ ಮೇಲೆ ತನ್ನ ಬತ್ತಿದ ಎದೆಯ ಕೊನೇ ಹನಿ ಹಿಂಡಿ, ಗುಂಡಿಯ ಮಣ್ಣು ತೂರಿ ಹೋದಳು.

"ಅಂಥದ್ದನ್ನ ಗುಜರಿಗೆ ಹಾಕಬಾರದಾ?"

"ಹಾಕಾಕೆ ಕರೆದಿದ್ದೆ. ಆ ಪುಣ್ಯಾತ್ಮ 'ಒಳಗೆ ಖಾಲಿ ಐತೇನಮ್ಮ?' ಅಂತ ಕೇಳಿದ. ಏನಂತ ಹೇಳ್ಲಿ? ವಾಪಸ್ ಕಳ್ಸಿದೆ."

ಸಂಧ್ಯಾರಾಣಿ ಇನ್ನೊಮ್ಮೆ ನಕ್ಕಳು. ನಕ್ಕರೂ ಅವಳಿಗೆ ಫ್ರೀಜರ್ ಬೇಕಿತ್ತು. ಕೂಸಿಗೆ ತಾಯಿಹಾಲು ಬಿಟ್ಟು ಬೇರೇನೂ ಒಗ್ಗದು. ಡಬ್ಬಿ ಹಾಲು ಕುಡಿಸಿದರೆ ಮೈಯೆಲ್ಲ ನೀಲಿಗಟ್ಟುವಂತೆ ಕಾರಿಕೊಳ್ಳುತ್ತಿತ್ತು. ಅವಳು ಚನ್ನಗಿರಿ ಟ್ರಿಪ್ಪಿನಲ್ಲಿದ್ದಾಗ ಸಾವಂತ್ರಮ್ಮ ಕುಡಿಸಬೇಕೆಂದರೆ ಹಿಂಡಿದ ಹಾಲು ಗಟ್ಟಿಯಾಗಿ ಉಳಿಯಬೇಕು, ಕರೆಂಟು ಹೋದರೂ ಕರಗಬಾರದು.

ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಳು. ಸ್ಟೆಬಿಲೈಸರ್ ಜೋಡಿಸಿದಳು. ಎಳೆದಾಡಿದ್ದಕ್ಕೆ ಒಂದಷ್ಟು ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಸ್ವಿಚ್ ಹಾಕಿದಳು. ಗೊರ್ರ್ ಅಂತ ಮುದುಕಿಯ ಹಾಗೆ ಕೆಮ್ಮಿ ಮೋಟಾರು ಎದ್ದಿತು. ಒಳಗೆಲ್ಲ ಸೋಡಾಪುಡಿ ಹಾಕಿ ತೊಳೆದಳು. ಮುಚ್ಚಳದ ರಬ್ಬರಿನಲ್ಲೊಂದು ಬಿಳಿ ಗೆರೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮೂಸಿದರೆ ಕೂಸು ಕಕ್ಕಿದ ಹಾಲಿನ ಹುಳಿವಾಸನೆ.

ವಾರಗಳು ಹಾಗೇ ಉರುಳಿದವು. ಡಿಪೋದ ರೆಸ್ಟ್ ರೂಮಿನ ಮೂಲೆಯಲ್ಲಿ ಹಿಂಡಿಕೊಂಡು, ಐಸ್ ಡಬ್ಬಿಯಲ್ಲಿಟ್ಟು ತಂದು, ಪುಟ್ಟ ಪುಟ್ಟ ಪ್ಯಾಕೆಟ್ಟು ಮಾಡಿ ಜೋಡಿಸುವಳು. ಹಿಮ ದಪ್ಪಗಟ್ಟಿದರೆ ಮರದ ಸೌಟಿನಿಂದ ಕೆರೆಯುವಳು. ಬ್ಲೌಸು ಸದಾ ಒದ್ದೆ, ಕಣ್ಣು ಸದಾ ಉರಿ.

ಅವತ್ತು ಬಸ್ಸು ಗಿಜಿಗುಡುತ್ತಿತ್ತು. ಕೂಗಿ ಕೂಗಿ ಗಂಟಲು ಹರಿದಿತ್ತು. ಮುಸ್ಸಂಜೆ ಮನೆಗೆ ಬಂದರೆ ಕರೆಂಟಿಲ್ಲ. ಸಾವಂತ್ರಮ್ಮ ಮಲಗಿದ್ದ ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಮುಂದಿನ ಮನೆಗೆ ಹೋದರು. ಸಂಧ್ಯಾರಾಣಿ ಕತ್ತಲಲ್ಲೇ ತಡವರಿಸಿ, ಆ ದಿನದ ಹಾಲನ್ನು ಫ್ರೀಜರಿಗೆ ಹಾಕಿ ಮುಚ್ಚಳದ ಮೇಲೆ ಕೈಯೂರಿ ನಿಂತಳು. ನಿಂತಲ್ಲೇ ತೂಕಡಿಕೆ.

ಹಿತ್ತಲ ಬಾಗಿಲಲ್ಲಿ ಯಾರೋ ನಿಂತಿದ್ದರು.

"ಒಂದೀಟು ಹಾಲು ಐತೇನವ್ವಾ? ಕೂಸಿಗೆ."

ಮುಖ ಕಾಣಲಿಲ್ಲ. ಸೆರಗಿನೊಳಗೊಂದು ಗಂಟು. ಅದು ಅಲುಗುತ್ತಿರಲಿಲ್ಲ. ಹಸಿಮಣ್ಣಿನ ವಾಸನೆ.

ದಣಿದ ನಾಲಿಗೆ ತನ್ನ ರೂಢಿಯಂತೆ ತಾನೇ ಆಡಿತು. "ಖಾಲಿ ಐತೆ, ಮುಂದೆ ಹೋಗ್ರೀ."

"ಖಾಲೀನಾ?"

"ಹ್ಞೂಂ ಕಣಮ್ಮಾ."

"ಆಗ್ಲಿ."

ಬಾಗಿಲಲ್ಲಿ ಯಾರೂ ಇರಲಿಲ್ಲ.

ಕೈಯ ಕೆಳಗೆ ಪೆಟ್ಟಿಗೆ ಗೊರ್ರ್ ಅಂದಿತು. ಕರೆಂಟಿಲ್ಲ. ಮೋಟಾರು ಓಡುತ್ತಿತ್ತು. ಸಂಧ್ಯಾರಾಣಿ ಎದೆ ಮುಟ್ಟಿಕೊಂಡಳು. ಬ್ಲೌಸು ಒಣಗಿತ್ತು. ಎದೆ ಬತ್ತಿತ್ತು. ಮುಚ್ಚಳ ಎತ್ತಿದಳು. ಪ್ಯಾಕೆಟ್ಟುಗಳೆಲ್ಲ ಚಪ್ಪಟೆ. ಒಂದು ಹನಿ ಇಲ್ಲ.

ಆಗ ಕೂಸು ಅತ್ತಿತು. ಒಳಗಿನಿಂದ. ಪೆಟ್ಟಿಗೆಯ ಒಳಗಿನಿಂದ.

ತೊಟ್ಟಿಲಿಗೆ ಓಡಿದಳು. ಕೂಸು ಅಲ್ಲೇ ಇತ್ತು. ಬಾಯಿ ತೆರೆದಿತ್ತು. ಕಾಲು ಬಡಿಯುತ್ತಿತ್ತು. ದನಿಯಿಲ್ಲ. ಮೈ ಮಂಜುಗಡ್ಡೆ. ತುಟಿ ನೀಲಿ. ಎತ್ತಿಕೊಂಡಳು. ಎದೆಗೆ ಹಚ್ಚಿದಳು. ಕೂಸು ಚೀಪಿತು. ಏನೂ ಇಲ್ಲ. ಉಸಿರು ಸಣ್ಣದಾಯಿತು. ಅತ್ತ ಪೆಟ್ಟಿಗೆಯೊಳಗೆ ಅಳು ಜೋರಾಯಿತು. ಕೂಸನ್ನು ಅವುಚಿಕೊಂಡು ಹಿಂದಿನ ಕೋಣೆಗೆ ಓಡಿದಳು. ಆ ಬಿಳಿ ಗೆರೆಯ ಮೇಲೆ ಹಣೆಯಿಟ್ಟಳು.

"ತುಂಬೈತೆ! ತಪ್ಪಾತು ತಾಯೀ, ತುಂಬೈತೆ! ನನ್ನ ಪಾಲಿಂದೂ ನೀನೇ ತಗೋ. ಕೂಸು ಬಿಡು. ತುಂಬೈತೆ! ತುಂಬೈತೆ!"

ಒಳಗೆ ಪಟ್ ಪಟ್ ಅಂತ ಸದ್ದು. ಪ್ಯಾಕೆಟ್ಟುಗಳು ಒಂದೊಂದಾಗಿ ಉಬ್ಬುತ್ತಿದ್ದವು.

ತೋಳಲ್ಲಿದ್ದ ಕೂಸು ಕಿಟಾರನೆ ಕಿರುಚಿತು. ದನಿ ಮರಳಿತ್ತು. ಮೈ ಬೆಚ್ಚಗಾಗುತ್ತಿತ್ತು.

ಆಮೇಲೆ ಅವಳ ಎದೆಯಲ್ಲಿ ಹಾಲು ಇಳಿಯಲಿಲ್ಲ. ಮೆಂತ್ಯ, ಸಬ್ಬಸಿಗೆ, ಮಾತ್ರೆ, ಯಾವುದಕ್ಕೂ ಜಗ್ಗಲಿಲ್ಲ. ಆದರೆ ದಿನಾ ಬೆಳಗಾದರೆ ಪೆಟ್ಟಿಗೆಯ ತುಂಬ ಪ್ಯಾಕೆಟ್ಟು. ಅವಳು ಹಿಂಡದ ಹಾಲು. ಮೊದಲ ದಿನ ಮೋರಿಗೆ ಚೆಲ್ಲಿದಳು. ಕೂಸು ಬೇರೇನನ್ನೂ ಮುಟ್ಟದೆ ಸಂಜೆಯ ಹೊತ್ತಿಗೆ ಕತ್ತು ವಾಲಿಸಿತು. ಎರಡನೇ ದಿನ ಬಿಸಿನೀರಲ್ಲಿಟ್ಟು ಕರಗಿಸಿ, ಕಣ್ಣು ಮುಚ್ಚಿಕೊಂಡು ಕುಡಿಸಿದಳು.

ಕೂಸು ಈಗ ಗುಂಡುಗುಂಡಗಿದೆ. ಅವಳು ಡ್ಯೂಟಿಯಿಂದ ಬಂದು ಕೈ ಚಾಚಿದರೆ ಮುಖ ತಿರುಗಿಸುತ್ತದೆ. ಹಿಂದಿನ ಕೋಣೆಯಲ್ಲಿ ಮೋಟಾರು ಗೊರ್ರ್ ಅಂದರೆ ಸಾಕು, ಅತ್ತ ನೋಡಿ ಕೇಕೆ ಹಾಕುತ್ತದೆ. ಮೊನ್ನೆ ಮೊದಲ ಸಲ "ಅವ್ವಾ" ಅಂದಿತು. ಅದೂ ಆ ಕಡೆಗೇ.

ಸಾವಂತ್ರಮ್ಮ ಅವಳ ತಲೆ ಸವರಿದರು. "ನಿನ್ನ ಎದ್ಯಾಗೆ ಒಂದು ತೊಟ್ಟಾದ್ರೂ ಐತೇನೇ ತಾಯೀ?"

ಟಿಕೆಟ್ ಚೀಲವನ್ನು ಗೂಟಕ್ಕೆ ಹಾಕುತ್ತ ಸಂಧ್ಯಾರಾಣಿ ಸಣ್ಣದಾಗಿ ಹೇಳಿದಳು:

"ತುಂಬೈತೆ, ದೊಡ್ಡವ್ವಾ."