ಒಂದೇ ಸಲಕ್ಕೆ ಕೂತ ನಳಿಗೆ

"ಅದುನ್ನ ಮಾತ್ರ ಮುಟ್ಬ್ಯಾಡಿ ಸಾರ್," ಅಂದ ನರಸಪ್ಪ. "ಅದ್ರ ಬಾಯಿ ಬಿಚ್ಚಿದ್ರೆ ಸುಮ್ಕಿರಲ್ಲ."

ಋಷಿಕೇಶ್ ನಕ್ಕುಬಿಟ್ಟ. ಪೀಣ್ಯದ ಈ ಬಂದೂಕು ರಿಪೇರಿ ವರ್ಕ್‌ಶಾಪನ್ನು ಅವನು ವಹಿಸಿಕೊಂಡು ಇನ್ನೂ ಮೂರು ತಿಂಗಳು. ಅಳತೆಗೆ ಸಿಗದ್ದನ್ನು ನಂಬುವ ಜಾತಿಯೇ ಅಲ್ಲ. ಇಲ್ಲಿನ ಹಳೆಯ ಮಿಸ್ತ್ರಿ ನರಸಪ್ಪನೋ, ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ತಿರುಗಿಸಿ ನಿವೃತ್ತನಾದವನು. ಕೂದಲೆಳೆಯಷ್ಟು ತಪ್ಪನ್ನೂ ಬೆರಳಲ್ಲೇ ಹಿಡಿಯುವ ಮನುಷ್ಯ ಒಂದು ಉಕ್ಕಿನ ಕೊಳವೆಗೆ ಹೆದರುತ್ತಾನಲ್ಲ ಅಂತ ಅವನಿಗೆ ತಮಾಷೆ.

ಆಯುಧಪೂಜೆಯ ಒಣಗಿದ ಬಾಳೆಕಂದಿನ ಹಿಂದೆ, ಗೋಡೆಯ ಮೊಳೆಗೆ ತೂಗುತ್ತಿತ್ತು ಆ ರೈಫಲ್ ನಳಿಗೆ. ಮೈಗೆ ಕಪ್ಪು ದಾರ, ಎರಡೂ ಬಾಯಿಗೆ ಸೀಸದ ಬಿರಡೆ. ಪೂಜೆಯ ದಿನ ಡ್ರಿಲ್ಲಿಂಗ್ ಮಷೀನಿಗೂ ಸ್ಕೂಟರಿಗೂ ಕುಂಕುಮ ಹಚ್ಚುವ ನರಸಪ್ಪ ಇದಕ್ಕೆ ಮಾತ್ರ ಹಚ್ಚುತ್ತಿರಲಿಲ್ಲ. ಬೆನ್ನು ತಿರುಗಿಸಿ ಕುಂಬಳಕಾಯಿ ಒಡೆದು ಹೊರಟುಬಿಡುತ್ತಿದ್ದ.

ಋಷಿಕೇಶನಿಗೆ ಈಗ ಅರ್ಜೆಂಟಾಗಿ ಬೇಕಾಗಿದ್ದದ್ದೇ ಒಂದು ನಳಿಗೆ. ಹದಿನೇಳರ ಮಗಳು ಶರಣ್ಯ ಭಾನುವಾರ ರಾಜ್ಯ ಶೂಟಿಂಗ್ ತಂಡದ ಆಯ್ಕೆಗೆ ನಿಲ್ಲಬೇಕು. ತಾಯಿಯಿಲ್ಲದ ಹುಡುಗಿ, ಅವನ ಪ್ರಾಣವೇ ಅವಳು. ಅವಳ ರೈಫಲ್‌ನ ನಳಿಗೆ ಸವೆದು ಗುಂಡು ಚೆದುರುತ್ತಿತ್ತು. ಹಿಂದಿನ ಭಾಗ, ಅಂದರೆ ಗುಂಡು ಹಾಕಿ ಬೋಲ್ಟ್ ಮುಚ್ಚುವ ಆಕ್ಷನ್, ಇನ್ನೂ ಗಟ್ಟಿಮುಟ್ಟು. ವಿದೇಶದಿಂದ ಬರಬೇಕಾದ ಹೊಸ ನಳಿಗೆ ಕಸ್ಟಮ್ಸಿನಲ್ಲಿ ಕೂತಿತ್ತು. ಶೆಲ್ಫಿನಲ್ಲಿದ್ದ ಎರಡನ್ನು ನೋಡಿದ. ಒಂದರ ಥ್ರೆಡ್ ಬೇರೆ, ಆಕ್ಷನ್ನಿಗೆ ಕಚ್ಚಲಿಲ್ಲ. ಇನ್ನೊಂದರ ಬುಡ ಸಣ್ಣದು, ಲೊಡಲೊಡ ಅಂದಿತು. ಉಳಿದದ್ದು ಗೋಡೆಯದ್ದೊಂದೇ.

"ಯಾರದ್ರೀ ಅದು?"

"ಮಾದನಾಯಕನಹಳ್ಳಿ ವೆಂಕಟಮ್ಮನ ಮನೇದು." ನರಸಪ್ಪನ ದನಿ ಇಳಿಯಿತು. "ಗೋಡೌನ್ ಕಟ್ಟೋ ಜಾಗುಕ್ಕೆ ದೊಡ್ಮಗ ತಮ್ಮುನ್ನೇ ಇದ್ರಲ್ಲಿ ಸುಟ್ಟ. ಸಾಕ್ಸಿ ಸಿಗ್ಲಿಲ್ಲ, ಬಿಟ್ಬುಟ್ರು. ಆವಮ್ಮ ಮಸಾಣದಲ್ಲಿ ಮಾಟ ಮಾಡ್ಸಿದ್ಲು. ಈ ನಳಿಗೆ ಇಟ್ಕಂಡೋನ್ ಕೈಯಿಂದ್ಲೇ ಅವನ್ ಕೂಸು ಓಗ್ಲಿ ಅಂತ. ತಿಂಗ್ಳೊಳಗೆ ದೊಡ್ಮಗ ತನ್ನ ಆರ್ ವರ್ಸದ ಕೂಸಿಗೇ ಗುಂಡಾಕ್ದ. ಮೊಮ್ಮಗೀನ್ ಎಣ ನೋಡಿ ಆವಮ್ಮನೇ ತನ್ ಕೂದ್ಲು ಕುಯ್ದು ಇದ್ರೊಳಗೆ ತುರುಕಿ ನನ್ ಕೈಲಿ ಮುಚ್ಸಿ ಇಲ್ಲೇ ಬಿಟ್ಟೋದ್ಲು. ಮನ್ಸನ್ ಮೈಯಿಂದ್ಲೇ ಏನಾರಾ ಕೊಟ್ಟು ಮುಚ್ಬೇಕಂತೆ."

"ಕೂದಲಿಗೆ ಹೆದರ್ತೀರಲ್ರೀ. ರಾಡ್ ಹಾಕಿದ್ರೆ ಎರಡು ನಿಮಿಷದ ಕೆಲಸ."

ಋಷಿಕೇಶ್ ನಳಿಗೆಯನ್ನು ಮೊಳೆಯಿಂದ ಇಳಿಸಿ ಗ್ಯಾಸ್ ಟಾರ್ಚ್ ಹಚ್ಚಿದ. ಟಾರ್ಚಿನ ನೀಲಿ ಉರಿಗೆ ಸೀಸ ಕರಗಿ ತೊಟ್ಟಿಕ್ಕಿತು. ರಾಡ್ ತಳ್ಳಿದಂತೆ ಒಳಗಿನಿಂದ ನರೆಗೂದಲು ಮೊಳಗಟ್ಟಲೆ ಈಚೆ ಬಂತು. ಹರಳೆಣ್ಣೆಯ ನಾತ, ಅದರಡಿ ಸುಟ್ಟ ಮಾಂಸದ ಕಮಟು. ಕೂದಲಿನ ಬುಡ ಇನ್ನೂ ಒದ್ದೆಯಾಗಿತ್ತು, ಕೆಂಪಗೆ. ತುಕ್ಕು ಅಂದುಕೊಂಡು ಋಷಿಕೇಶ್ ಒರೆಸಿ ಹಾಕಿದ.

ಇಲ್ಲೊಂದು ಮಾತು ಹೇಳಲೇಬೇಕು. ಬೇರೆ ನಳಿಗೆ ಯಾವತ್ತೂ ಒಂದೇ ಸಲಕ್ಕೆ ಕೂರುವುದಿಲ್ಲ. ಬುಡ ಕಡಿಯಬೇಕು, ಗುಂಡಿನ ಗೂಡು ಕೊರೆಯಬೇಕು, ಅಳತೆಯ ಗೇಜ್ ಇಟ್ಟು ನೋಡಬೇಕು, ಬಿಚ್ಚಿ ಮತ್ತೆ ಕಡಿಯಬೇಕು. ಒಂದು ದಿನವಿಡೀ ಹಿಡಿಯುವ ಕೆಲಸ. ಇದು ಕೈಯಲ್ಲಿ ತಿರುಗಿಸುತ್ತಲೇ ಒಳಗೆ ಜಾರಿತು. ಮುಚ್ಚಬೇಕಾದ ಗೇಜಿಗೆ ಬೋಲ್ಟ್ ಮುಚ್ಚಿತು, ಮುಚ್ಚಬಾರದ ಗೇಜಿಗೆ ನಿಂತಿತು, ಅಂದರೆ ಅಳತೆ ಕರಾರುವಾಕ್ಕು.

"ಬ್ಯಾರೆ ಕಂಪ್ನಿದು ಸಾರ್ ಅದು," ಅಂದ ನರಸಪ್ಪ. "ಕೂರ್ಬಾರ್ದು."

"ಅದೃಷ್ಟ ಕಣ್ರೀ," ಅಂದ ಋಷಿಕೇಶ್. ಅಳತೆ ಬಲ್ಲ ಗಂಡಸು ಅವತ್ತು ಅದೃಷ್ಟವನ್ನು ನಂಬಿದ ನೋಡಿ, ಎಂಥ ಗ್ರಹಚಾರ.

ಮಧ್ಯಾಹ್ನ ಕಾಲೇಜಿನಿಂದ ಶರಣ್ಯ ಬಂದಳು. ವರ್ಕ್‌ಶಾಪಿನ ಹಿಂದೆ ಗುಂಡು ಹಾರಿಸಿ ನೋಡುವ ಉದ್ದನೆಯ ಕಾಂಕ್ರೀಟ್ ಸುರಂಗ. ಋಷಿಕೇಶ್ ಐದು ಸುತ್ತು ಹೊಡೆದ. ಐದೂ ಒಂದೇ ತೂತು.

"ಸಕ್ಕತ್ತಾಗಿದೆ ಅಪ್ಪ," ಅಂದಳು ಮಗಳು. "ಟಾರ್ಗೆಟ್ ಪೇಪರ್ ತರ್ತೀನಿ ಇರು."

ಅವನು ಪದ್ಧತಿಯಂತೆ ಬೋಲ್ಟ್ ತೆರೆದ, ಗೂಡಿಗೆ ಕಿರುಬೆರಳಿಟ್ಟು ಖಾಲಿ ಅಂತ ಖಾತ್ರಿ ಮಾಡಿಕೊಂಡ, ರೈಫಲ್ ಕೆಳಗಿಟ್ಟ. ಶರಣ್ಯ ಸುರಂಗದೊಳಗೆ ನಡೆದಳು.

ಹರಳೆಣ್ಣೆಯ ನಾತ ಮತ್ತೆ ಬಂತು. ಸುರಂಗದ ದೀಪಗಳು ಮಂಕಾದವು. ಬೋಲ್ಟ್ ತಾನಾಗಿಯೇ ಮುಂದೆ ಸರಿಯಿತು. ಕಟಕ್.

ಅವನ ಕೈಗಳು ರೈಫಲ್ ಎತ್ತಿದವು. ಅವನು ಎತ್ತಲಿಲ್ಲ, ಕೈಗಳು ಎತ್ತಿದವು. ಕೆನ್ನೆ ರೈಫಲ್ಲಿನ ಮರದ ಹಿಡಿಗೆ ಒತ್ತಿತು. ಗುರಿಯೊಳಗೆ ಮಗಳ ಜಡೆ. ಕೂಗಬೇಕು. ಗಂಟಲಲ್ಲಿ ಕೂದಲು. ಹಿಂದೆಯೇ ನಿಂತಿದ್ದ ನರಸಪ್ಪ ಹಾರಿ ಹಿಡಿದ. ರೈಫಲ್ಲಿನ ಬುಡ ತಿರುಗಿ ಅವನ ದವಡೆಗೆ ಅಪ್ಪಳಿಸಿತು. ಎರಡು ಹಲ್ಲು ನೆಲಕ್ಕೆ ಬಿದ್ದವು. ಮತ್ತೆ ಗುರಿ. ಖಾಲಿ ಗೂಡಿನಿಂದ ಗುಂಡು ಹಾರಿತು. ಶರಣ್ಯಳ ಕಿವಿ ಹರಿದು ಗೋಡೆಗೆ ರಕ್ತ ಚಿಮ್ಮಿತು. ಅವಳು ತಿರುಗಿದಳು. ಅಪ್ಪನನ್ನು ನೋಡಿದಳು. ಅವನ ಕಣ್ಣು ಗುರಿಯ ಮೇಲಿತ್ತು.

ಬೋಲ್ಟ್ ಹಿಂದೆ. ಬೋಲ್ಟ್ ಮುಂದೆ.

ಎಡಗೈ ಒಂದು ಕ್ಷಣ ಅವನದಾಯಿತು. ಅಂಗೈಯನ್ನು ನಳಿಗೆಯ ಬಾಯಿಗೆ ಒತ್ತಿದ. ಬಲಗೈ ಟ್ರಿಗರ್ ಎಳೆಯಿತು. ಮೂಳೆ ಸಿಡಿಯಿತು. ಅವನು ಅಂಗೈ ತೆಗೆಯಲಿಲ್ಲ. ಮತ್ತೆ ಎಳೆಯಿತು. ಬೆರಳು ಹಾರಿತು. ಮತ್ತೆ. ಮತ್ತೆ. ನರಸಪ್ಪ ಬಾಯಲ್ಲಿ ರಕ್ತ ಸುರಿಸುತ್ತ ತೆವಳಿ ಬಂದ. ಆ ಕೈಯಿಂದ ಕಿತ್ತು ನೇತಾಡುತ್ತಿದ್ದ ಮಾಂಸವನ್ನೇ ರಾಡಿನಲ್ಲಿ ನಳಿಗೆಯೊಳಗೆ ಜಡಿದ. ಒಳಗಿನಿಂದ ಯಾರೋ ಮುದುಕಿ ಬಿಕ್ಕಿದಂತಾಯಿತು. ಆಮೇಲೆ ನಿಂತಿತು.

ಪೊಲೀಸರು ಆಕಸ್ಮಿಕ ಅಂತ ಬರೆದುಕೊಂಡರು. ಆಸ್ಪತ್ರೆಯಲ್ಲಿ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಶರಣ್ಯ ಸಿಂಗಸಂದ್ರದ ಸೋದರತ್ತೆ ಶ್ಯಾಮಲಾ ಮನೆಗೆ ಹೋದಳು. ಅಪ್ಪ ತನಗೆ ಗುರಿ ಹಿಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳಲ್ಲ.

ಎರಡು ತಿಂಗಳ ಮೇಲೆ ಋಷಿಕೇಶ್ ವರ್ಕ್‌ಶಾಪಿಗೆ ಬಂದಾಗ, ನಳಿಗೆ ಮತ್ತೆ ಮೊಳೆಗೆ ತೂಗುತ್ತಿತ್ತು, ಸೀಸ ಎರೆದು. ನಾಲ್ಕಡಿ ಪಾನಾ ಹಾಕಿದರೂ ಬಿಚ್ಚದ್ದರಿಂದ ಆಕ್ಷನ್ ಅದಕ್ಕೇ ಕಚ್ಚಿಕೊಂಡಿತ್ತು.

"ಮುಗೀತಲ್ವಾ ನರಸಪ್ಪ?"

ನರಸಪ್ಪ ಅವನ ಮುಖ ನೋಡಲಿಲ್ಲ. "ನಳಿಗೆ ಬಾಯಿ ಕಟ್ಟಿವ್ನಿ ಸಾರ್. ನಿಮ್ ಕೈ ಇಚಾರ ನಂಗೊತ್ತಿಲ್ಲ."

ಆ ಸಂಜೆಯೇ, ನರಸಪ್ಪ ಮನೆಗೆ ಹೋದ ಮೇಲೆ, ಶರಣ್ಯ ಬಂದಳು. ಅರ್ಧ ಕಿವಿಯ ಮೇಲೆ ದುಪಟ್ಟಾ ಎಳೆದುಕೊಂಡು ಬಾಗಿಲಲ್ಲಿ ನಿಂತಳು. "ಅಪ್ಪ, ನೀನು ಬೇಕಂತ ಮಾಡಿಲ್ಲ. ನಂಗೊತ್ತು. ಮನೆಗೆ ಹೋಗೋಣ ಬಾ."

ಅವನ ಎದೆ ಒಡೆದು ಅಳು ಉಕ್ಕಿತು. ಎದ್ದು ಎರಡು ಹೆಜ್ಜೆ ಇಟ್ಟ. ಹರಳೆಣ್ಣೆಯ ನಾತ ಮೂಗಿಗೆ ಹೊಡೆಯಿತು. ಬಲಗೈಯ ತೋರುಬೆರಳು ಮೆಲ್ಲಗೆ ಮಡಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಮಡಚಿಕೊಳ್ಳುತ್ತಿತ್ತು. ಪಕ್ಕದ ಬೆಂಚಿನ ಮೇಲೆ ಸುತ್ತಿಗೆ ಇತ್ತು. ಕೈ ಅತ್ತ ಹೊರಳಿತು.

ಋಷಿಕೇಶ್ ಮೊಂಡುಗೈಯನ್ನು ಕೊಂಡಿಗೆ ಸಿಕ್ಕಿಸಿ ಮಗಳ ಮುಖದೆದುರಿಗೇ ಶಟರ್ ಎಳೆದ.

"ಅಪ್ಪ, ಬಾಗಿಲು ತೆಗಿ," ಅಂತ ಆಚೆಯಿಂದ ಬಡಿದಳು ಶರಣ್ಯ.

ಈಚೆ ಅವನು ಬಲಗೈಯನ್ನು ಬೆಂಚಿನ ಮೇಲೆ ಉಕ್ಕನ್ನು ಬಿಗಿಹಿಡಿಯುವ ವೈಸಿನ ದವಡೆಯೊಳಗಿಟ್ಟು, ಮೊಣಕಾಲಿನಿಂದ ಹಿಡಿ ತಿರುಗಿಸತೊಡಗಿದ.