ಹುಚ್ಚೆಳ್ಳು ಪುಡಿಯಲ್ಲಿ ಒಂದು ಚಿಟಿಕೆ

"ಲೋಹಿತಾ, ಇನ್ನೊಂದ್ಸಲ ಹೇಳೇ. ಅದರ ರುಚಿ ಹೆಂಗಿರುತ್ತೆ?"

ಶಿವರಂಜನಿ ಜಗಲಿಯ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದಳು. ಅವಳ ಗೆಳತಿ, ಪಕ್ಕದ ಮನೆಯ ಲೋಹಿತಾ, ಅಂಗಳದ ಆಚೆ ಬೇಲಿಯ ಹತ್ತಿರ ನಿಂತಿದ್ದಳು. ಅವಳ ಜೇಬಿನ ತುಂಬ ಕಡ್ಲೆಕಾಯಿ. ಅದಕ್ಕೇ ಹತ್ತಿರ ಬರುವಂತಿರಲಿಲ್ಲ.

"ಹಸೀದಾದ್ರೆ ಹಾಲಿನ ತರ," ಲೋಹಿತಾ ಯೋಚಿಸಿ ಹೇಳಿದಳು. "ಹುರಿದದ್ದು ಬೇರೆ. ಮೊದಲ್ನೇ ಮಳೆ ಬಿದ್ದಾಗ ಮಣ್ಣಿನ ವಾಸ್ನೆ ಬರುತ್ತಲ್ಲ, ಅದನ್ನೇ ತಿಂದಂಗೆ ಕಣೇ."

ಶಿವರಂಜನಿ ಕಣ್ಣು ಮುಚ್ಚಿದಳು. ಮಳೆ ಬಿದ್ದ ಮಣ್ಣನ್ನು ಒಂದೊಂದೇ ಕಾಳು ಮಾಡಿ ಬಾಯಿಗೆ ಹಾಕಿಕೊಂಡಳು. ಒಂದು ಕಾಳು, ಎರಡು ಕಾಳು. ಮನಸ್ಸಿನಲ್ಲಿ ತಿಂದರೆ ಏನೂ ಆಗುವುದಿಲ್ಲ.

ಊರಿಗೆ ಊರೇ ಕಡ್ಲೆಕಾಯಿ ಕೀಳುವ ಕಾಲ ಅದು. ನಿಡುಗಲ್ ಬೆಟ್ಟದ ಬುಡದ ಹೊಲಗಳಿಂದ ಗಿಡಗಳನ್ನು ತಂದು ಬೀದಿಯ ಉದ್ದಕ್ಕೂ ಒಟ್ಟಿದ್ದರು. ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಡುತ್ತಿದ್ದರು. ಸಂಜೆಯ ಬಿಸಿಲಲ್ಲಿ ಧೂಳು ಬಂಗಾರದ ಪುಡಿಯಂತೆ ತೇಲುತ್ತಿತ್ತು. ಹಾಡು, ಧೂಳು, ದೂರದ ಬೆಟ್ಟ ಎಲ್ಲ ಸೇರಿ ಒಂದೇ ನಿಧಾನದ ಉಸಿರಿನ ಹಾಗೆ ಅನಿಸುತ್ತಿತ್ತು.

ಶಿವರಂಜನಿಗೆ ನಾಲ್ಕು ವರ್ಷ ಇದ್ದಾಗ ಯಾರದೋ ಮದುವೆಯಲ್ಲಿ ಕಡ್ಲೆಬೀಜದ ಉಂಡೆ ತಿಂದಿದ್ದಳಂತೆ. ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದರಂತೆ. ಅಲರ್ಜಿ ಎಂದು ಡಾಕ್ಟರು ಹೇಳಿದ ಮೇಲೆ ಆ ಮನೆಗೆ ಕಡ್ಲೆಕಾಯಿ ಬರುವುದು ನಿಂತಿತು. ಅಪ್ಪ ಬಸವೇಶ್ ಬೆಳೆಯನ್ನು ಹೊಲದಲ್ಲೇ ಮೂಟೆ ಕಟ್ಟಿ ಕಳಿಸುತ್ತಿದ್ದ. ಅಮ್ಮ ಚಟ್ನಿಗೆ ಹುರಿಗಡಲೆ, ಕೊಬ್ಬರಿ ಹಾಕುತ್ತಿದ್ದಳು.

ಅಜ್ಜಿ ನಾಗರತ್ನಮ್ಮನಿಗೆ ಮಾತ್ರ ಇದು ಒಳಗೊಳಗೇ ಸಂಕಟ.

"ಕಡ್ಲೆಕಾಯಿ ಬೆಳೆಯೋರ ಮನೇಲಿ ಹುಟ್ಟಿದ ಕೂಸಿಗೆ ಕಡ್ಲೆಕಾಯಿ ಆಗಕಿಲ್ಲ ಅಂದ್ರೆ ಹೆಂಗೆ?" ಎನ್ನುತ್ತಿದ್ದಳು. "ಇವರಪ್ಪ ಅದನ್ನ ತಿಂದೇ ಬೆಳೆದಿದ್ದು. ಆರು ವರ್ಸ ಆಯ್ತು. ಇನ್ನೂ ಇರುತ್ತಾ ಅದು?"

"ಇರುತ್ತಂತೆ ಅತ್ತೆ," ಎಂದು ಅಮ್ಮ ಮಾತು ಮುಗಿಸುತ್ತಿದ್ದಳು.

ಮರುದಿನ ಭಾನುವಾರ. ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಜ್ಜಿ ಬಿಸಿ ರಾಗಿರೊಟ್ಟಿ ಹಾಕಿ, ಮೇಲೆ ತುಪ್ಪ ಸವರಿ, ಪಕ್ಕದಲ್ಲಿ ಹುಚ್ಚೆಳ್ಳು ಪುಡಿ ಇಟ್ಟಳು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

ಶಿವರಂಜನಿ ಒಂದು ತುತ್ತು ತಿಂದಳು. ಇನ್ನೊಂದು. ಪುಡಿ ಇವತ್ತು ಬೇರೆಯೇ ಆಗಿತ್ತು. ಎಂಥದೋ ಬೆಚ್ಚಗಿನ, ದುಂಡನೆಯ ರುಚಿ.

"ಅಜ್ಜಿ, ಇವತ್ತು ಪುಡಿ ಭಾಳ ಚೆನ್ನಾಗೈತೆ."

"ಹೌದಾ ಮಗಾ?" ಅಜ್ಜಿಯ ಮುಖ ಅರಳಿತು. ಆದರೆ ಅವಳು ಮೊಮ್ಮಗಳ ತುಟಿಯನ್ನೇ ಏನೋ ಕಾಯುವವಳಂತೆ ನೋಡುತ್ತಿದ್ದಳು.

ಮೂರನೇ ತುತ್ತಿಗೆ ನಾಲಿಗೆ ಚುರುಚುರು ಅಂದಿತು. ಆಮೇಲೆ ತುಟಿ ಕಡಿಯತೊಡಗಿತು. ಕೊರಳಲ್ಲಿ ಯಾರೋ ಹತ್ತಿ ತುರುಕಿದ ಹಾಗಾಯಿತು. ತೋಳ ಮೇಲೆ ಕೆಂಪು ದದ್ದುಗಳು ಒಂದರ ಪಕ್ಕ ಒಂದು ಏಳುತ್ತಿದ್ದವು.

"ಅಮ್ಮ," ಎಂದಳು ಶಿವರಂಜನಿ. ಧ್ವನಿ ತನ್ನದಲ್ಲ ಅನಿಸಿತು.

ಅಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. "ಏನು ತಿಂದೆ? ಲೋಹಿತಾ ಏನಾದ್ರೂ ಕೊಟ್ಟಳಾ?"

ಶಿವರಂಜನಿ ತಲೆ ಅಲ್ಲಾಡಿಸಿದಳು. ಮಾತು ಹೊರಡಲಿಲ್ಲ, ಉಸಿರು ಸುಯ್ ಸುಯ್ ಅನ್ನುತ್ತಿತ್ತು.

ಆಗ ಅಜ್ಜಿ ಹೇಳಿದಳು. "ನಾನೇ ಹಾಕ್ದೆ. ಪುಡಿಗೆ ಒಂದು ಚಿಟಿಕೆ ಕಡ್ಲೆಬೀಜ ಹಾಕ್ದೆ. ಚೂರ್ ಚೂರೇ ತಿಂದ್ರೆ ಅಭ್ಯಾಸ ಆಗುತ್ತೆ ಅಂದ್ಕೊಂಡೆ. ನಿಂತ್ಕಬ್ಯಾಡಿ, ಆಸ್ಪತ್ರೆಗೆ ನಡೀರಿ."

ಅಪ್ಪ ಹೊಲಕ್ಕೆ ಹೊರಟು ನಿಂತಿದ್ದ. ಬೀದಿಯಲ್ಲಿ ಬಾಡಿಗೆಗೆ ಓಡಿಸುವ ಅಡವಯ್ಯನ ಲಗೇಜ್ ಆಟೋ ಸಿದ್ಧವಿತ್ತು. ಆದರೆ ಅದರ ತುಂಬ ಊರವರ ಕಡ್ಲೆಕಾಯಿ ಮೂಟೆ. "ಅದು ಬ್ಯಾಡ," ಎಂದ ಅಪ್ಪ, ಬೈಕ್ ತೆಗೆದ. ನಡುವೆ ಶಿವರಂಜನಿ, ಹಿಂದೆ ಅಮ್ಮ. ತಿರುವಿನಲ್ಲಿ ಶಿವರಂಜನಿ ಒಮ್ಮೆ ಹಿಂದೆ ನೋಡಿದಳು. ಅಜ್ಜಿ ಬರಿಗಾಲಲ್ಲಿ ಬೀದಿಯ ನಡುವೆ ನಿಂತಿದ್ದಳು.

ಆಮೇಲಿನದೆಲ್ಲ ನೀರಿನೊಳಗಿಂದ ನೋಡಿದ ಹಾಗೆ. ಬೆಟ್ಟ ಬೈಕಿನ ಜೊತೆಗೇ ಓಡುತ್ತಿತ್ತು. ಮೋಡದ ನೆರಳು ಹೊಲಗಳ ಮೇಲೆ ಜಾರುತ್ತಿತ್ತು. ಆಸ್ಪತ್ರೆಯ ತಣ್ಣನೆ ಮಂಚ. ನರ್ಸ್ ಶಾಂತಕುಮಾರಿ ತೊಡೆಗೆ ಚುಚ್ಚಿದ ಇಂಜೆಕ್ಷನ್. ಕಾಲ ಕೆಳಗೆ ಎರಡು ದಿಂಬು. ಮೂಗು ಬಾಯಿಯ ಮೇಲೆ ಮಾಸ್ಕ್, ಅದರೊಳಗಿಂದ ಗಾಳಿ ತೆಳ್ಳಗೆ ಹರಿದು ಬರುತ್ತಿತ್ತು. ಗಾಳಿಗೂ ರುಚಿ ಇರುತ್ತದೆ ಅಂತ ಶಿವರಂಜನಿಗೆ ಅವತ್ತೇ ಗೊತ್ತಾಗಿದ್ದು.

ಸ್ವಲ್ಪ ಹೊತ್ತಿಗೆ ಕೊರಳಿನ ಹತ್ತಿ ಕರಗಿತು. ಡಾಕ್ಟರ್ ಮುತ್ತುರಾಜ್ ಸ್ಟೂಲ್ ಎಳೆದುಕೊಂಡು ಕೂತರು.

"ನಿಮ್ಮ ಬೀದೀಲಿ ನಾಯಿ ಐತಾ?"

ಶಿವರಂಜನಿ ತಲೆಯಾಡಿಸಿದಳು.

"ಕೆಲವು ನಾಯಿ ಕಳ್ಳನನ್ನ ಬಿಟ್ಟು ನೆಂಟರನ್ನ ಕಂಡು ಬೊಗಳುತ್ವೆ. ನಿನ್ನ ಮೈಯೂ ಅಷ್ಟೇ. ಕಾಯಿಲೆ ಬಂದ್ರೆ ಓಡಿಸಬೇಕಾದ ಮೈ, ಕಡ್ಲೆಬೀಜ ಕಂಡು ಗಲಾಟೆ ಮಾಡುತ್ತೆ. ಅದರಲ್ಲಿ ನಿನ್ನ ತಪ್ಪೇನಿಲ್ಲ."

"ಚೂರ್ ಚೂರೇ ತಿಂದ್ರೆ ಅಭ್ಯಾಸ ಆಗಲ್ವಾ ಸಾರ್?" ಅಪ್ಪ ಮೆಲ್ಲಗೆ ಕೇಳಿದ.

"ಅದನ್ನ ದೊಡ್ಡಾಸ್ಪತ್ರೇಲಿ, ಅದಕ್ಕೇ ಓದಿದ ಡಾಕ್ಟರ ಕಣ್ಣೆದುರಿಗೇ ಮಾಡಬೇಕು. ಮನೇಲಿ ಮಾಡೋಕೆ ಹೋದ್ರೆ ಹಿಂಗೇ ಆಗೋದು." ಡಾಕ್ಟರ್ ತುಮಕೂರಿಗೆ ಒಂದು ಚೀಟಿ, ಶಾಲೆಗೆ ಇನ್ನೊಂದು ಚೀಟಿ ಬರೆದರು. "ಏನು ತಿಂದ್ಲು ಅಂತ ಬಂದ ತಕ್ಷಣ ಹೇಳಿದ್ರಿ. ಅದರಿಂದ ನಾನು ಒಂದು ನಿಮಿಷಾನೂ ಕಳೀಲಿಲ್ಲ."

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವರಂಜನಿ ಮಾಸ್ಕ್ ಹಾಕಿಕೊಂಡೇ ಕಣ್ಣು ಮುಚ್ಚಿದಳು. ಬರಿಗಾಲಲ್ಲಿ ನಿಂತ ಅಜ್ಜಿ ಕಣ್ಣ ಮುಂದೆ ಬಂದಳು.

ಮತ್ತೆ ಊದಬಹುದೆಂದು ಒಂದು ದಿನ ಅಲ್ಲೇ ಇರಿಸಿಕೊಂಡು, ಮರುದಿನ ಕಳಿಸಿದರು.

ಮನೆಯಲ್ಲಿ ಅಜ್ಜಿ ಬೇರೆಯಾಗಿದ್ದಳು. ಪುಡಿಯನ್ನು ಡಬ್ಬಿಯ ಸಮೇತ ಹೂತಿದ್ದಳು. ಮಿಕ್ಸಿ ಜಾರನ್ನು ಮೂರು ಸಲ ತಿಕ್ಕಿ, ಕೊನೆಗೆ ಅದನ್ನೂ ಎಸೆದಿದ್ದಳು. ಮೊಮ್ಮಗಳ ತಟ್ಟೆಯ ಹತ್ತಿರ ಮಾತ್ರ ಬರಲೇ ಇಲ್ಲ. ಎಲ್ಲ ಅಮ್ಮನೇ ಬಡಿಸುತ್ತಿದ್ದಳು. ಅಜ್ಜಿ ಕಂಬಕ್ಕೆ ಒರಗಿ ದೂರದಿಂದ ನೋಡುತ್ತಿದ್ದಳು.

ಮೂರನೇ ದಿನ ಸಂಜೆ ಅಮ್ಮ ಹೆಂಗಸರ ಸಂಘದ ಮೀಟಿಂಗಿಗೆ ಹೋದಳು. ಶಿವರಂಜನಿ ಅಜ್ಜಿಯ ಪಕ್ಕ ಹೋಗಿ ಕೂತಳು.

"ಸಿಟ್ಟು ಬಂದೈತಾ ಮಗಾ?"

ಶಿವರಂಜನಿ ಯೋಚಿಸಿದಳು. ಸಿಟ್ಟನ್ನು ಮನಸ್ಸಿನ ಎಲ್ಲ ಮೂಲೆಯಲ್ಲೂ ಹುಡುಕಿದಳು.

"ಭಯ ಆಗಿತ್ತು ಅಜ್ಜಿ."

"ನಂಗೂ," ಎಂದಳು ಅಜ್ಜಿ. ಅವಳ ಕೈ ಮಡಿಲಲ್ಲಿ ಏನೂ ಮಾಡದೆ ಬಿದ್ದಿತ್ತು. ಆ ಕೈ ಸುಮ್ಮನಿದ್ದದ್ದನ್ನು ಶಿವರಂಜನಿ ಎಂದೂ ನೋಡಿರಲಿಲ್ಲ.

"ಹೊಟ್ಟೆ ಹಸೀತೈತೆ. ಉಪ್ಪಿಟ್ಟು ಮಾಡ್ತೀಯಾ?"

"ನಿಮ್ಮಮ್ಮ ಬರ್ಲಿ ಬುಡು."

"ಬ್ಯಾಡ. ನೀನೇ ಮಾಡು."

ಅಜ್ಜಿ ಎದ್ದಳು. ಕೈ ತೊಳೆದಳು, ಇನ್ನೊಮ್ಮೆ ತೊಳೆದಳು. ಈರುಳ್ಳಿಯ ಘಮ ಮನೆ ತುಂಬಿತು. ಹೊರಗೆ ಹೆಂಗಸರ ಹಾಡು ದೂರವಾಗುತ್ತ, ಬೀದಿ ನೀಲಿಯಾಗುತ್ತಿತ್ತು.

ತಟ್ಟೆ ಮುಂದೆ ಬಂತು. ಶಿವರಂಜನಿ ಕೈ ಚಾಚಿದಳು, ಆಮೇಲೆ ತಡೆದಳು. ಇಷ್ಟು ದಿನ ಅಮ್ಮ ಕೇಳುತ್ತಿದ್ದಳು, ಅಪ್ಪ ಕೇಳುತ್ತಿದ್ದ. ಶಿವರಂಜನಿ ತಾನಾಗಿ ಯಾರನ್ನೂ ಕೇಳಿರಲಿಲ್ಲ.

"ಅಜ್ಜಿ, ಇದಕ್ಕೆ ಏನೇನು ಹಾಕಿದೀಯ?"

ಕೇಳಿದ ಮೇಲೆ ಅಜ್ಜಿಯ ಮುಖ ನೋಡಲು ಹೆದರಿ ತಟ್ಟೆಯನ್ನೇ ನೋಡುತ್ತ ಕೂತಳು. ಅಜ್ಜಿ ಎದುರಿಗೆ ಬಂದು ಕೂತಳು. ಒಂದೊಂದೇ ಬೆರಳು ಮಡಚುತ್ತ ಹೇಳತೊಡಗಿದಳು.

"ರವೆ. ಈರುಳ್ಳಿ. ಹಸಿಮೆಣಸಿನಕಾಯಿ, ಎರಡೇ. ಸಾಸಿವೆ. ಕರಿಬೇವು, ನಮ್ಮ ಗಿಡದ್ದು. ಉಪ್ಪು. ಕೊನೇಲಿ ಕಾಯಿತುರಿ."

"ಎಣ್ಣೆ?"

"ಸೂರ್ಯಕಾಂತೀದು. ಪಾಕೀಟು ತರ್ಲಾ?"

"ತಾ."

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪಾಕೀಟನ್ನು ದೀಪಕ್ಕೆ ಹಿಡಿದಳು. ಶಿವರಂಜನಿ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಪೂರ್ತಿ ಓದಿ ಹೇಳಿದಳು. ಅಜ್ಜಿ ಪ್ರತಿ ಮಾತಿಗೂ "ಹೂಂ" ಎನ್ನುತ್ತಿದ್ದಳು. ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರ ಬಂದಿದ್ದವು.

"ನಾಳೇನೂ ಕೇಳ್ತೀನಿ ಅಜ್ಜಿ."

"ಕೇಳು ತಾಯಿ. ದಿನಾ ಕೇಳು. ನಾನು ಹೇಳ್ತೀನಿ."

ಅಜ್ಜಿಯ ಮುಖದಲ್ಲಿ ನೋವಿದೆಯೇ ಎಂದು ಶಿವರಂಜನಿ ಈಗ ತಲೆಯೆತ್ತಿ ನೋಡಿದಳು. ಇರಲಿಲ್ಲ. ಅವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಉಪ್ಪಿಟ್ಟು ಇನ್ನೂ ಬಿಸಿಯಾಗಿತ್ತು.